ಹದಿನೇಳನೇ ಫಾರಂ

ಅತ್ತಿಗೆ ಅಕ್ಕಿರೊಟ್ಟಿ ತಟ್ಟುತ್ತಿದ್ದರು. ನಾನು ಒಲೆಯ ಪಕ್ಕ ಮಣೆ ಹಾಕಿಕೊಂಡು ಕೂತು, ತೊಡೆಯ ಮೇಲೆ ರಟ್ಟಿನ ಪ್ಯಾಡ್ ಇಟ್ಟುಕೊಂಡು ಅವರ ಫಾರಂ ತುಂಬುತ್ತಿದ್ದೆ. ಜನವರಿ ಕೊನೆಯ ಭಾನುವಾರ. ರೊಬಸ್ಟಾ ಕಾಫಿಯ ಪಿಕ್ಕಿಂಗ್ ಜೋರಾಗಿದ್ದ ಕಾಲ. ಅಣ್ಣ ಗೋಣಿಕೊಪ್ಪಲಿನ ಸಂತೆಗೆ ಹೋದವನು ಇನ್ನೂ ಬಂದಿರಲಿಲ್ಲ.

ಆ ಫಾರಂ ಮೈಸೂರಿನ ಒಂದು ಆಸ್ಪತ್ರೆಯದು. ಸ್ತನ ಕ್ಯಾನ್ಸರಿಗೆ ಆಪರೇಷನ್ ಆಗಿ, ಆಮೇಲೆ ಕರೆಂಟ್ ಕೊಡಿಸಿಕೊಂಡು ಒಂದು ವರ್ಷ ದಾಟಿದ ಹೆಂಗಸರು ಈಗ ಹೇಗಿದ್ದಾರೆ ಎಂದು ಕೇಳುವ ಫಾರಂ. ರೇಡಿಯೇಷನ್ನಿಗೆ ನಮ್ಮ ಕಡೆ ಎಲ್ಲರೂ ಕರೆಂಟ್ ಎಂದೇ ಹೇಳುವುದು. ನಲವತ್ತಕ್ಕೂ ಹೆಚ್ಚು ಪ್ರಶ್ನೆಗಳು. ಪ್ರತಿಯೊಂದರ ಮುಂದೆ ನಾಲ್ಕು ಚೌಕ: ಇಲ್ಲವೇ ಇಲ್ಲ, ಸ್ವಲ್ಪ, ಸಾಕಷ್ಟು, ತುಂಬಾ. ಕಳೆದ ಒಂದು ವಾರದಲ್ಲಿ ಕೈ ನೋವಿತ್ತೇ, ಕೈ ಊದಿತ್ತೇ, ಚರ್ಮ ತುರಿಸಿತೇ, ಸುಸ್ತಾಯಿತೇ, ನಿದ್ದೆ ಬಂತೇ. ಕೊನೆಯಲ್ಲಿ ಒಂದರಿಂದ ಏಳರವರೆಗೆ ಅಂಕ ಕೊಡುವ ಒಂದು ಪ್ರಶ್ನೆ.

ಈ ಕೆಲಸ ನನಗೆ ಸಿಕ್ಕಿದ್ದೂ ಅತ್ತಿಗೆಯಿಂದಲೇ. ಅವರಿಗೆ ಇಪ್ಪತ್ತೈದು ದಿನ ಕರೆಂಟ್ ಕೊಟ್ಟಾಗ ಮೈಸೂರಿನಲ್ಲಿ ಒಂದು ರೂಮು ಹಿಡಿದು ಜೊತೆಗಿದ್ದವಳು ನಾನು. ದಿನಾ ಅವರು ಒಳಗೆ ಹೋಗಿ, ಹಲಗೆಯ ಮೇಲೆ ಕೈಯನ್ನು ತಲೆಯ ಹಿಂದಕ್ಕೆ ಎತ್ತಿ ಮಲಗಿ, ಹತ್ತು ನಿಮಿಷಕ್ಕೆ ಹೊರಗೆ ಬರುತ್ತಿದ್ದರು. ಕಾಯುವುದು ಮಾತ್ರ ಎರಡು ಗಂಟೆ. ಕೂತು ಬೇಜಾರಾಗಿ, ಓದಲು ಬಾರದ ಹೆಂಗಸರಿಗೆ ಚೀಟಿ ಓದಿ ಹೇಳುತ್ತಿದ್ದೆ, ಅವರ ವಿವರ ಬರೆದು ಕೊಡುತ್ತಿದ್ದೆ. ಅದನ್ನು ಅಲ್ಲಿನ ಸಿಸ್ಟರ್ ಗಮನಿಸಿದ್ದರು. ಮರುವರ್ಷ ಡಿಸೆಂಬರಿನಲ್ಲಿ ಫೋನ್ ಮಾಡಿ, ದಕ್ಷಿಣ ಕೊಡಗಿನಲ್ಲಿ ಮನೆಮನೆಗೆ ಹೋಗಿ ಫಾರಂ ತುಂಬಿಸುವ ಕೆಲಸವಿದೆ, ಮಾಡುತ್ತೀಯಾ ಎಂದರು. ನಾನು ಪಿಯುಸಿ ಓದಿದವಳು, ಗೋಣಿಕೊಪ್ಪಲಿನ ಬಟ್ಟೆ ಅಂಗಡಿಯಲ್ಲಿ ಬಿಲ್ ಬರೆಯುತ್ತಿದ್ದೆ. ಒಪ್ಪಿಕೊಂಡೆ.

ಎರಡು ದಿನ ತರಬೇತಿ ಇತ್ತು. ಡಾಕ್ಟರು ನಿಧಾನವಾಗಿ ವಿವರಿಸಿದರು. ಕೆಲವರಿಗೆ ಐದು ವಾರ, ಕೆಲವರಿಗೆ ಮೂರು ವಾರ, ಕೆಲವರಿಗೆ ಒಂದೇ ವಾರ ಕರೆಂಟ್ ಕೊಟ್ಟಿದೆ. ದಿನ ಕಮ್ಮಿಯಾದರೆ ಒಂದೊಂದು ದಿನಕ್ಕೆ ಕೊಡುವ ಪ್ರಮಾಣ ಜಾಸ್ತಿ. ಕಾಯಿಲೆಯ ಲೆಕ್ಕವನ್ನು ಮಿಷನ್‌ಗಳು, ಸ್ಕ್ಯಾನ್‌ಗಳು ನೋಡಿಕೊಳ್ಳುತ್ತವೆ. ಆದರೆ ಅದಾದ ಮೇಲೆ ಹೆಂಗಸರು ಹೇಗೆ ಬದುಕುತ್ತಿದ್ದಾರೆ ಎಂಬುದು ಯಾವ ಸ್ಕ್ಯಾನ್‌ನಲ್ಲೂ ಕಾಣುವುದಿಲ್ಲ, ಅದನ್ನು ಕೇಳಿಯೇ ತಿಳಿಯಬೇಕು ಎಂದರು. ನನಗೆ ಅದು ಆಶ್ಚರ್ಯವೆನಿಸಿತು. ಅಷ್ಟು ದೊಡ್ಡ ಮಿಷನ್ ಇಟ್ಟುಕೊಂಡವರಿಗೆ ಗೊತ್ತಿಲ್ಲದ ಒಂದು ವಿಷಯ ನನ್ನ ಪ್ಯಾಡಿನ ಮೇಲೆ ಬರಬೇಕಿತ್ತು. ಐದು ವಾರ ಮೈಸೂರಿನಲ್ಲಿ ಇರುವುದೆಂದರೆ ಎಸ್ಟೇಟಿನ ಹೆಂಗಸಿಗೆ ಒಂದು ಪಿಕ್ಕಿಂಗ್ ಸೀಸನ್ನೇ ಹೋದ ಹಾಗೆ. ಒಂದು ವಾರದ ಕರೆಂಟ್ ಪಡೆದವರೂ ಅಷ್ಟೇ ಚೆನ್ನಾಗಿದ್ದಾರೆ ಎಂದಾದರೆ ಮುಂದೆ ಬರುವವರಿಗೆಲ್ಲ ಅನುಕೂಲ. ಚೆನ್ನಾಗಿಲ್ಲ ಎಂದಾದರೆ ಅದೂ ಗೊತ್ತಾಗಬೇಕು.

ನಿಯಮಗಳಿದ್ದವು. ಪ್ರಶ್ನೆಯನ್ನು ಅಚ್ಚಾದ ಹಾಗೇ ಓದಬೇಕು, ನನ್ನ ಮಾತಿನಲ್ಲಿ ಬಿಡಿಸಿ ಹೇಳುವಂತಿಲ್ಲ. ಹೆಂಗಸು ಒಬ್ಬಳೇ ಇರಬೇಕು. ಎಷ್ಟು ದಿನ ಕರೆಂಟ್ ಎಂದು ನಾನು ಕೇಳಬಾರದು, ಗೊತ್ತಾದರೆ ನನ್ನ ಕೈ ಒಂದು ಕಡೆ ವಾಲಬಹುದು. ಫಾರಂ ಮೇಲೆ ಹೆಸರಿಲ್ಲ, ನಂಬರ್ ಮಾತ್ರ. ಹೆಸರಿನ ಪಟ್ಟಿ ನನ್ನ ಹತ್ತಿರ ಮತ್ತು ಡಾಕ್ಟರ ಬೀರುವಿನಲ್ಲಿ. ಇನ್ನೊಂದು: ಪಟ್ಟಿಯಲ್ಲಿ ನಮ್ಮ ಮನೆಯವರು ಇದ್ದರೆ ಅವರನ್ನು ನಾವು ಕೇಳಬಾರದು, ಸಿಸ್ಟರ್‌ಗೆ ಹೇಳಬೇಕು.

ಇಪ್ಪತ್ತಾರು ಹೆಸರಿನ ಪಟ್ಟಿಯಲ್ಲಿ ಅತ್ತಿಗೆಯದು ಹದಿನೇಳನೆಯದು. ನಾನು ಸಿಸ್ಟರ್‌ಗೆ ಹೇಳಲಿಲ್ಲ. ಒಂದೇ ಮನೆ, ಒಂದೇ ಒಲೆ. ಇದಕ್ಕೆ ಮೈಸೂರಿನಿಂದ ಯಾರೋ ಬರುವುದೇಕೆ ಎಂದುಕೊಂಡೆ.

ಅತ್ತಿಗೆಗೂ ಹಾಗೇ ಅನಿಸಿತ್ತು. ಮೂರನೇ ಪ್ರಶ್ನೆಗೇ, "ನಿನ್ನ ಫಾರಂ ಮುಗಿಯೋವರೆಗೂ ಹೆಂಚು ಕಾಯುತ್ತಾ? ನಿಂಗೇ ಎಲ್ಲಾ ಗೊತ್ತಲ್ಲ ಮಾರಾಯ್ತಿ, ಬರ್ಕೋ" ಎಂದರು. ನನಗೆ ಗೊತ್ತಿದೆ ಎಂದೇ ನಾನೂ ನಂಬಿದ್ದೆ. ಎಡಗೈ ಸ್ವಲ್ಪವೂ ಊದಿರಲಿಲ್ಲ, ಕಪ್ಪಾಗಿದ್ದ ಚರ್ಮ ತಿಳಿಯಾಗಿತ್ತು, ಮನೆಗೆಲಸ ಪೂರ್ತಿ ಮಾಡುತ್ತಿದ್ದರು. ಮೊದಲನೇ ಚೌಕದ ಸಾಲಿನಲ್ಲಿ ಮೇಲಿಂದ ಕೆಳಗೆ ಗುರುತು ಹಾಕುತ್ತಾ ಹೋದೆ. ಕೊನೆಯ ಪ್ರಶ್ನೆಗೆ ಮಾತ್ರ ಅಂಕ ಬೇಕಿತ್ತು. ಕಳೆದ ವಾರ ನಿಮ್ಮ ಜೀವನದ ಗುಣಮಟ್ಟಕ್ಕೆ ಒಂದರಿಂದ ಏಳರಲ್ಲಿ ಎಷ್ಟು ಕೊಡುತ್ತೀರಿ ಎಂದು ಓದಿದೆ.

"ಗುಣಮಟ್ಟ ನೋಡೋಕೆ ನಾನೇನು ಕಾಫಿ ಬೀಜವಾ?" ಎಂದು ನಕ್ಕರು. ಆಮೇಲೆ ರೊಟ್ಟಿ ಮಗುಚಿ, ಸ್ವಲ್ಪ ಯೋಚನೆ ಮಾಡಿ ಹೇಳಿದರು: "ಏಳು ಬೇಡ. ಏಳು ಕೊಟ್ರೆ ದೃಷ್ಟಿ ಆಗುತ್ತೆ. ಆರು ಹಾಕು."

ಆರು ಹಾಕಿದೆ. ಪ್ಯಾಡ್ ಮುಚ್ಚುವಾಗ ಅತ್ತಿಗೆ, ಮೇಲಿನ ಹಲಗೆಯಿಂದ ಡಬರಿ ತೆಗೆದುಕೊಡು, ನಿನ್ನ ಕೈ ಉದ್ದ ಎಂದರು. ತೆಗೆದುಕೊಟ್ಟೆ. ನಾನು ಅತ್ತಿಗೆಗಿಂತ ನಾಲ್ಕು ಬೆರಳು ಗಿಡ್ಡ. ಅದು ಆಗ ನನ್ನ ತಲೆಗೆ ಹೊಳೆಯಲಿಲ್ಲ.

ಆ ದಿನ ನಾನು ಖುಷಿಯಾಗಿದ್ದೆ. ಎರಡು ದಿನದ ಹಿಂದೆ ತಿತಿಮತಿಯಲ್ಲಿ ಒಂದೇ ಮಧ್ಯಾಹ್ನ ಆರು ಫಾರಂ ಮುಗಿಸಿ ಬಂದಿದ್ದೆ. ಅಲ್ಲಿ ಸುತ್ತಲಿನ ಮೂರ್ನಾಲ್ಕು ಎಸ್ಟೇಟುಗಳ ಕೂಲಿಯವರ ಲೈನುಮನೆಗಳಲ್ಲಿ ಪಟ್ಟಿಯ ಆರು ಜನರಿದ್ದರು. ಕಾಡಂಚಿನ ದಾರಿ, ಆನೆ ಭಯ, ಒಬ್ಬೊಬ್ಬರ ಲೈನು ಹುಡುಕಿ ಹೋಗುವುದು ಕಷ್ಟ. ಎಸ್ಟೇಟ್ ಕಡೆ ಯಾರನ್ನು ನೋಡಬೇಕಾದರೂ ಹಾಜರಿ, ಲೆಕ್ಕ ಬರೆಯುವ ರೈಟರಿಗೆ ಹೇಳುವುದು ವಾಡಿಕೆ. ಮದುವೆ ಕಾಗದ ಕೊಡುವವರೂ, ಲಸಿಕೆ ಹಾಕುವವರೂ, ವೋಟು ಕೇಳುವವರೂ ಅಲ್ಲಿಗೇ ಹೋಗುತ್ತಾರೆ. ನಾನೂ ಪರಿಚಯದ ಒಬ್ಬ ರೈಟರಿಗೆ ಫೋನ್ ಮಾಡಿ ಆರು ಹೆಸರು ಓದಿ ಹೇಳಿದೆ, ಆಸ್ಪತ್ರೆಯ ಹೆಸರನ್ನೂ ಹೇಳಿದೆ. ಅವರು ಬೇರೆ ಎಸ್ಟೇಟಿನ ರೈಟರುಗಳಿಗೂ ಫೋನ್ ಮಾಡಿ, ಜೀಪು ಕಳಿಸಿ, ಎಲ್ಲರನ್ನೂ ಕಣದ ಪಕ್ಕದ ಶೆಡ್ಡಿಗೆ ಕರೆಸಿದರು. ನನಗೊಂದು ಕುರ್ಚಿ, ಟೀ ಎಲ್ಲಾ ಆಯಿತು. ರೈಟರು ಅಲ್ಲೇ ಹತ್ತು ಹೆಜ್ಜೆ ದೂರದಲ್ಲಿ ಹಣ್ಣಿನ ಚೀಲ ತೂಗಿಸುತ್ತಿದ್ದರು. ಆರೂ ಜನ ಒಬ್ಬೊಬ್ಬರಾಗಿ ಬಂದು ಚೆನ್ನಾಗಿದ್ದೇವೆ ಎಂದರು. ಕೈ ನೋವು? ಇಲ್ಲ. ಊತ? ಇಲ್ಲ. ಸುಸ್ತು? ಇಲ್ಲ. ಕರೆಂಟ್ ಎಷ್ಟು ಒಳ್ಳೆಯ ಕೆಲಸ ಮಾಡಿದೆ ಎಂದುಕೊಂಡು ಬಸ್ಸು ಹತ್ತಿದ್ದೆ.

ಸೋಮವಾರ ಬೆಳಿಗ್ಗೆ ಅತ್ತಿಗೆಗೆ ಚಾಪೆಯಿಂದ ಏಳಲು ಆಗಲಿಲ್ಲ.

ಅಣ್ಣ ಒಂದು ಕಡೆ, ನಾನೊಂದು ಕಡೆ ಹಿಡಿದು ಕೂರಿಸಿದೆವು. ಸೊಂಟದ ಮೇಲೆ, ಬೆನ್ನಿನ ನಡುವೆ ಕೈಯಿಟ್ಟು ತೋರಿಸಿದರು. ಗೋಣಿಕೊಪ್ಪಲಿನಲ್ಲಿ ಇಂಜೆಕ್ಷನ್ ಕೊಡಿಸಿ ಮೈಸೂರಿಗೆ ಕರೆದುಕೊಂಡು ಹೋದೆವು. ಸ್ಕ್ಯಾನಿನಲ್ಲಿ ಬೆನ್ನುಮೂಳೆಯ ಎರಡು ಮಣಿಗಳಲ್ಲಿ ಕಾಯಿಲೆ ಕಂಡಿತು. ಎಷ್ಟು ದಿನದಿಂದ ನೋವಿದೆ ಎಂದು ಡಾಕ್ಟರು ಕೇಳಿದಾಗ ಅತ್ತಿಗೆ ನನ್ನ ಮುಖ ನೋಡಿ, ಈಗ ಸ್ವಲ್ಪ ದಿನದಿಂದ ಎಂದರು. ಡಾಕ್ಟರು ಅದನ್ನೇ ಬರೆದುಕೊಂಡರು.

ನೋವಿಗೆಂದು ಬೆನ್ನಿಗೆ ಮತ್ತೆ ಕರೆಂಟ್ ಕೊಟ್ಟರು. ಈ ಸಲ ಒಂದೇ ದಿನ. ಮಿಷನ್ ಕೋಣೆಯಿಂದ ಹೊರಗೆ ಬಂದ ಅತ್ತಿಗೆ, "ಅವತ್ತು ಇಪ್ಪತ್ತೈದು ದಿನ, ಇವತ್ತು ಒಂದೇ ದಿನ. ಹಳೇ ಗಿರಾಕಿ ಅಂತ ರಿಯಾಯ್ತಿ ಕೊಟ್ರು ಕಣೆ" ಎಂದರು. ತಳ್ಳುಗಾಡಿ ಹಿಡಿದಿದ್ದ ಆಯಾ ಕೂಡ ನಕ್ಕಳು. ಎರಡು ವಾರದಲ್ಲಿ ನೋವು ನಿಜವಾಗಿಯೂ ಇಳಿಯಿತು. ಮಾರ್ಚಿನಲ್ಲಿ ಅತ್ತಿಗೆ ಜಗಲಿಯಲ್ಲಿ ದಿಂಬಿಗೆ ಒರಗಿ ಕೂತು, ಒಣಗಿದ ಕಾಳುಮೆಣಸಿನಿಂದ ಕಡ್ಡಿ ಆರಿಸುತ್ತಿದ್ದರು. ಒಂದು ದಿನದ ಕರೆಂಟ್ ಇಷ್ಟು ಮಾಡಬಲ್ಲದಾ ಎಂದು ನಾನು ಅವರ ಕೈಯನ್ನೇ ನೋಡುತ್ತಿದ್ದೆ. ಆಮೇಲೆ ಕಾಯಿಲೆ ಲಿವರಿಗೆ ಬಂತು. ಜೂನ್ ಮೊದಲ ವಾರ, ಮಳೆ ಹಿಡಿದ ಮೂರನೇ ದಿನ ಅತ್ತಿಗೆ ಮನೆಯಲ್ಲೇ ತೀರಿಕೊಂಡರು.

ಜುಲೈಯಲ್ಲಿ ಸಿಸ್ಟರ್ ಫೋನ್ ಮಾಡಿದರು. ಸಾವಿನ ವಿಷಯ ಗೊತ್ತಿತ್ತು, ಸಮಾಧಾನ ಹೇಳಿದರು. ಆಮೇಲೆ ಕೆಲಸದ ಮಾತಿಗೆ ಬಂದರು. ಇನ್ನೂ ಹತ್ತು ಫಾರಂ ಬಾಕಿ. ಅದಲ್ಲದೆ, ಕೊಟ್ಟಿರುವುದರಲ್ಲಿ ಏಳು ಫಾರಂ ಒಂದೇ ತರಹ ಇವೆ, ಒಬ್ಬರೇ ಕೂತು ತುಂಬಿದ ಹಾಗೆ ಕಾಣುತ್ತದೆ ಎಂದರು. ನಂಬರ್ ಓದಿದರು. ಆರು ತಿತಿಮತಿಯವು. ಏಳನೆಯದು ಹದಿನೇಳು. ಸಿಸ್ಟರ ಎದುರಿಗೆ ಇದ್ದದ್ದು ಬರೀ ನಂಬರ್, ಅದು ಯಾರದೆಂದು ಅವರಿಗೆ ತಿಳಿಯುವ ಹಾಗಿರಲಿಲ್ಲ.

"ಸರಿ ಇದೆ ಅಂತ ನೀನು ಹೇಳಿದ್ರೆ ಸಾಕು, ಕಂಪ್ಯೂಟರ್‌ಗೆ ಹಾಕಿಸ್ತೀನಿ," ಎಂದರು.

ಒಂದು ಸಲ ನೋಡಿಕೊಂಡು ಹೇಳುತ್ತೇನೆ ಎಂದೆ.

ಈ ಸಲ ರೈಟರಿಗೆ ಹೇಳಲಿಲ್ಲ. ತಿತಿಮತಿಯಲ್ಲಿ ಬಸ್ಸಿಳಿದು, ಅಂಗಡಿಯಲ್ಲಿ ದಾರಿ ಕೇಳಿ ಲೈನಿಗೆ ನಡೆದೆ. ನಾಲ್ಕು ಗಂಟೆಯೊಳಗೆ ವಾಪಸ್ ಹೊರಡಿ, ಆನೆ ಇಳಿಯುತ್ತದೆ ಎಂದು ಅಂಗಡಿಯವರು ಎರಡು ಸಲ ಹೇಳಿದರು. ಪಟ್ಟಿಯ ಮೊದಲ ಹೆಂಗಸು ಪಿಕ್ಕಿಂಗಿನಲ್ಲಿ ಹೆಸರು ಮಾಡಿದವಳು, ನನ್ನದೇ ವಯಸ್ಸು. ಬಾಗಿಲಲ್ಲಿ ಕೂತು ಕೊಡೆಯ ಕಡ್ಡಿ ಸರಿಮಾಡುತ್ತಿದ್ದಳು. ನನ್ನನ್ನು ನೋಡಿ ಎದ್ದೇಳಲಿಲ್ಲ.

"ಬಾ ಫಾರಮಕ್ಕ. ನೀನು ಬಂದು ಹೋದ ಮೇಲಲ್ವಾ ನನ್ನ ಕೈಗೆ ಕಾಯಿಲೆ ಬಂದಿದ್ದು."

ನನಗೆ ಅರ್ಥವಾಗಲಿಲ್ಲ. ಅವಳೇ ಹೇಳಿದಳು. ಎಸ್ಟೇಟಿನಲ್ಲಿ ಅವಳು ಯಾರಿಗೂ ಕ್ಯಾನ್ಸರ್ ಎಂದು ಹೇಳಿರಲಿಲ್ಲ, ಗರ್ಭಕೋಶದ ಆಪರೇಷನ್ ಎಂದಿದ್ದಳು. ನಾನು ಹೆಸರು, ಆಸ್ಪತ್ರೆ ಎರಡನ್ನೂ ರೈಟರಿಗೆ ಹೇಳಿದಾಗ ಅವರಿಗೆ ಗೊತ್ತಾಯಿತು. ರೈಟರ ತಾಯಿಯೂ ಇದೇ ಕಾಯಿಲೆಯಲ್ಲಿ ಹೋದವರಂತೆ. ಮಾರನೇ ದಿನವೇ ಕರೆದು, ನೀನು ಇನ್ನು ಪಿಕ್ಕಿಂಗ್ ಮಾಡಬೇಡಮ್ಮ ಎಂದು ನರ್ಸರಿಯಲ್ಲಿ ಮಣ್ಣಿನ ಚೀಲ ತುಂಬುವ ಕೆಲಸಕ್ಕೆ ಹಾಕಿದರು. ಪಿಕ್ಕಿಂಗಿಗೆ ಕಿಲೋ ಲೆಕ್ಕದ ಕೂಲಿ, ನರ್ಸರಿಗೆ ದಿನಗೂಲಿ.

"ಒಳ್ಳೆಯವನೇ. ಅವನ ಒಳ್ಳೆತನಕ್ಕೆ ನನ್ನ ಸೀಸನ್ ಹೋಯ್ತು," ಎಂದಳು.

ಅವತ್ತು ಶೆಡ್ಡಿನಲ್ಲಿ ಕೇಳಿದ್ದಕ್ಕೆಲ್ಲ ಇಲ್ಲ ಎಂದಿದ್ದು ಯಾಕೆ ಎಂದು ಕೇಳುವ ಅಗತ್ಯ ಉಳಿದಿರಲಿಲ್ಲ. ಆದರೂ ಕೇಳಿದೆ. ತೂಕದವನು ಕೇಳಿಸಿಕೊಳ್ಳುವಾಗ ಕೈ ನೋವು ಅಂತ ಹೇಳುವ ಪಿಕ್ಕಿಂಗ್ ಹೆಂಗಸು ಇದ್ದಾಳಾ ಎಂದು ತಿರುಗಿ ಕೇಳಿದಳು. ಆರೂ ಜನ ಜೀಪಿನಲ್ಲೇ ಮಾತಾಡಿಕೊಂಡಿದ್ದರಂತೆ.

ನನ್ನಿಂದ ತಪ್ಪಾಯಿತು ಎಂದೆ. ಅವಳು ಕೊಡೆಯ ಕಡ್ಡಿ ಬಗ್ಗಿಸುತ್ತಲೇ ಇದ್ದಳು. ಈಗ ನಿಜವಾಗಿ ಕೈ ಹೇಗಿದೆ, ಅಷ್ಟು ದಿನ ಪಿಕ್ಕಿಂಗ್ ಹೇಗೆ ಮಾಡಿದೆ ಎಂದು ಕೇಳಿದೆ. ಫಾರಂಗಾಗಿ ಅಲ್ಲ, ನನಗೇ ತಿಳಿಯಬೇಕೆನಿಸಿತು. ಅವಳು ಒಳಗೆ ಹೋಗಿ ಒಂದು ಹಗ್ಗ ತಂದಳು. ಒಂದು ತುದಿಗೆ ಕಬ್ಬಿಣದ ಕೊಕ್ಕೆ, ಇನ್ನೊಂದು ತುದಿಗೆ ಕುಣಿಕೆ. ಮಳೆ ಸಣ್ಣಗಾಗಿತ್ತು. ಲೈನಿನ ಹಿಂದಿನ ರೊಬಸ್ಟಾ ಗಿಡದ ಹತ್ತಿರ ಕರೆದುಕೊಂಡು ಹೋದಳು. ಎಲ್ಲರೂ ಒಂದು ಕೈಯಲ್ಲಿ ರೆಂಬೆ ಎಳೆದು ಹಿಡಿದು ಇನ್ನೊಂದು ಕೈಯಲ್ಲಿ ಹಣ್ಣು ಬಿಡಿಸುತ್ತಾರೆ. ಅವಳಿಗೆ ಎಳೆಯುವ ಕೈ ಎಡಗೈ, ಕರೆಂಟ್ ಕೊಟ್ಟ ಕಡೆಯದು. ಅದಕ್ಕೆ ಬಲಗೈಯಿಂದ ಕೊಕ್ಕೆಯನ್ನು ರೆಂಬೆಗೆ ಎಸೆದು, ಕುಣಿಕೆಯೊಳಗೆ ಪಾದ ಇಟ್ಟು ತುಳಿದಳು. ರೆಂಬೆ ಬಾಗಿ ಎದೆಯ ಮಟ್ಟಕ್ಕೆ ಬಂತು. ಎರಡು ಕೈಯೂ ಖಾಲಿ. ಎಲೆ ಮೇಲಿದ್ದ ನೀರೆಲ್ಲ ನಮ್ಮಿಬ್ಬರ ತಲೆ ಮೇಲೆ ಸುರಿಯಿತು.

ಇದನ್ನು ಯಾರು ಹೇಳಿಕೊಟ್ಟರು ಎಂದೆ. ಯಾರೂ ಇಲ್ಲ, ಎರಡು ಸೀಸನ್ ಯೋಚನೆ ಮಾಡಿದೆ ಎಂದಳು.

ಒಳಗೆ ಬಂದು ಪ್ಯಾಡ್ ತೆಗೆದು, ಅಚ್ಚಾದ ಹಾಗೇ ಓದಿದೆ: ಕಳೆದ ವಾರದಲ್ಲಿ ಕೈ ಮೇಲೆತ್ತಲು ತೊಂದರೆಯಾಗಿತ್ತೇ? ಇಲ್ಲ ಎಂದಳು. ಸುಳ್ಳು ಹೇಳುತ್ತಿರಲಿಲ್ಲ. ಎತ್ತುವ ಕೆಲಸವನ್ನೇ ಬಿಟ್ಟವಳಿಗೆ ಎತ್ತಲು ತೊಂದರೆ ಎಲ್ಲಿಂದ ಬರಬೇಕು? ನಾನು ಗುರುತು ಹಾಕಲಿಲ್ಲ. ಅವಳು ತನ್ನಷ್ಟಕ್ಕೆ ಎಡಗೈ ಎತ್ತಿ ನೋಡಿದಳು. ಭುಜದ ಮಟ್ಟಕ್ಕೆ ಬಂದು ನಿಂತಿತು. ಇನ್ನೊಂದು ಸಲ ಎತ್ತಿದಳು. ಬೇರೆ ಯಾರದೋ ಕೈ ನೋಡುವ ಹಾಗೆ ಅದನ್ನು ನೋಡಿದಳು.

"ಇಷ್ಟೇನಾ ಇದು? ಸಾಕಷ್ಟು ಅಂತ ಬರ್ಕೋ."

ಬಸ್ಸಿನಲ್ಲಿ ನನಗೆ ಅತ್ತಿಗೆಯ ಡಬರಿ ನೆನಪಾಯಿತು.

ಮನೆಗೆ ಬಂದು ಅಣ್ಣನಿಗೆ ಎಲ್ಲಾ ಹೇಳಿದೆ. ಅವನು ಕಾಫಿ ಲೋಟ ಪಕ್ಕಕ್ಕಿಟ್ಟ. ಆಮೇಲೆ, "ನಿನ್ನತ್ತಿಗೆ ಗೋಡೆಗೆ ಒರಗಿ ಕೂತೇ ಮಲಗ್ತಿದ್ಲು. ಹುತ್ತರಿ ಹಬ್ಬದ ಹೊತ್ತಿಗೇ ನೋವು ಶುರುವಾಗಿತ್ತು ಅನ್ಸುತ್ತೆ. ಇಲ್ಲ, ಕ್ರಿಸ್‌ಮಸ್ ರಜೆಯೋ ಏನೋ" ಎಂದ. ನನಗೆ ಯಾಕೆ ಹೇಳಲಿಲ್ಲ ಎಂದೆ. "ನಿಂಗೆ ಹೇಳಬೇಡ ಅಂದಿದ್ಲು. ಹೊಸ ಕೆಲಸ, ಈಗಲೇ ರಜೆ ಹಾಕಿಸೋದು ಬೇಡ, ಪಿಕ್ಕಿಂಗ್ ಮುಗೀಲಿ ಅಂತ."

ಏಳು ಫಾರಂ ಸರಿ ಇವೆ ಎಂದು ಸಿಸ್ಟರ್‌ಗೆ ಒಂದು ಮಾತು ಹೇಳಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಇಪ್ಪತ್ತಾರರಲ್ಲಿ ಏಳು. ತಿತಿಮತಿಯ ಹೆಂಗಸರಿಗೆ ಒಂದು ವಾರವೋ ಐದು ವಾರವೋ ನನಗೆ ಗೊತ್ತಿರಲಿಲ್ಲ. ಯಾವುದೇ ಆಗಿರಲಿ, ಅಷ್ಟು ದಿನ ಪಡೆದವರಿಗೆ ಏನೂ ತೊಂದರೆಯಿಲ್ಲ ಎಂದು ನನ್ನ ಫಾರಂ ಹೇಳುತ್ತಿತ್ತು. ಅದನ್ನು ನಂಬಿ ಮುಂದೆ ಯಾರಿಗೋ ಕರೆಂಟ್ ನಿರ್ಧಾರ ಮಾಡುತ್ತಾರೆ. ಇನ್ನೊಂದು ದಾರಿಯೂ ಇತ್ತು: ಹೊಸ ಫಾರಂಗಳಲ್ಲಿ ತಿದ್ದಿ ಬರೆದು, ಹಳೆಯದನ್ನು ಒಲೆಗೆ ಹಾಕಿ, ಹಳೇ ತಾರೀಕು ಹಾಕುವುದು. ಎರಡು ದಿನ ಎರಡನ್ನೂ ಯೋಚಿಸಿದೆ. ಮೂರನೇ ದಿನ ಬೆಳಿಗ್ಗೆ ಮೈಸೂರಿನ ಬಸ್ಸು ಹತ್ತಿದೆ.

ಸಿಸ್ಟರ ಮೇಜಿನ ಮುಂದೆ ನಿಂತು, ರೈಟರಿಗೆ ಫೋನ್ ಮಾಡಿದ್ದರಿಂದ ಹಿಡಿದು ಹೇಳಿದೆ. ಫಾರಂ ಸುಳ್ಳಾಗಿದ್ದಕ್ಕೆ ಬೈಯುತ್ತಾರೆ ಎಂದುಕೊಂಡಿದ್ದೆ. ಅವರು ಪೆನ್ ಕೆಳಗಿಟ್ಟರು.

"ಹೆಸರು ಕೊಟ್ಯಾ? ಫಾರಂ ಇನ್ನೊಂದು ಸಲ ತುಂಬಬಹುದು. ಅವಳ ಗುಟ್ಟನ್ನ ವಾಪಸ್ ತಂದುಕೊಡ್ತೀಯಾ?"

ಆಮೇಲೆ ಹದಿನೇಳು ಯಾರದೆಂದು ಹೇಳಿದೆ. ಸಿಸ್ಟರ್ ನನ್ನನ್ನು ಕೂರಿಸಿ ನೀರು ಕೊಟ್ಟರು. ಅದು ಬೈಗುಳಕ್ಕಿಂತ ಕಷ್ಟವಾಯಿತು.

ನಡೆದದ್ದನ್ನೆಲ್ಲ ನನ್ನ ಕೈಬರಹದಲ್ಲೇ ಬರೆಸಿಕೊಂಡರು. ಅದು ಆಸ್ಪತ್ರೆಯ ಒಂದು ಸಮಿತಿಯ ಮುಂದೆ ಹೋಯಿತು. ಆರು ವಾರ ನನ್ನನ್ನು ಕೆಲಸದಿಂದ ನಿಲ್ಲಿಸಿದರು. ಪಿಕ್ಕಿಂಗಿನ ಹೆಂಗಸಿಗೆ ಮತ್ತೆ ಅದೇ ಕೆಲಸ ಕೊಡಬಹುದು ಎಂದು ಡಾಕ್ಟರು ಅವಳನ್ನೇ ಕೇಳಿ, ಅವಳು ಒಪ್ಪಿದ ಮೇಲೆ ರೈಟರಿಗೆ ಕಾಗದ ಕೊಟ್ಟರು. ಉಳಿದ ಐದು ಜನರ ಮನೆಗೆ ಸಿಸ್ಟರೇ ಹೋಗಿ ಕ್ಷಮೆ ಕೇಳಿ ಬಂದರು.

ಸೆಪ್ಟೆಂಬರಿನಲ್ಲಿ ಮತ್ತೆ ಕರೆದರು. ಹಳೆಯ ಫಾರಂ ಹರಿಯುವಂತಿಲ್ಲ, ವೈಟ್ನರ್ ಹಚ್ಚುವಂತಿಲ್ಲ. ತಪ್ಪಾದ ಉತ್ತರದ ಮೇಲೆ ಒಂದೇ ಒಂದು ಗೆರೆ, ಕೆಳಗಿನ ಅಕ್ಷರ ಓದಲು ಬರಬೇಕು. ಪಕ್ಕದಲ್ಲಿ ಕಾರಣ, ಸಹಿ, ಇವತ್ತಿನ ತಾರೀಕು. ಹಾಗೆ ಆರು ಫಾರಂಗೆ ಗೆರೆ ಎಳೆದೆ. ಹದಿನೇಳನ್ನು ಡಾಕ್ಟರು ಬೇರೆ ಇಟ್ಟರು. ಅದನ್ನು ಕೊನೆಗೆ ನೋಡೋಣ ಎಂದರು.

ಕೊಕ್ಕೆಯ ಹಗ್ಗದ ಕಥೆ ಅವರಿಗೆ ಬಹಳ ಹಿಡಿಸಿತು. ಎರಡು ಸಲ ಕೇಳಿ, ಕಾಗದದ ಮೇಲೆ ಚಿತ್ರ ಬರೆಸಿಕೊಂಡರು. ಪ್ರಶ್ನೆ ಬದಲಾಯಿಸುವಂತಿಲ್ಲ, ಬದಲಾಯಿಸಿದರೆ ಬೇರೆ ಊರಿನ ಉತ್ತರಗಳ ಜೊತೆ ಹೋಲಿಸಲು ಆಗುವುದಿಲ್ಲ. ಆದರೆ ಪ್ರಶ್ನೆಗೆ ಮುಂಚೆ ಇನ್ನೊಂದು ಹಾಳೆ ಸೇರಿಸಬಹುದು ಎಂದು ಸಮಿತಿಯ ಒಪ್ಪಿಗೆ ತಂದರು. ಆ ಹಾಳೆಯ ಮೇಲೆ ಒಂದೇ ಸಾಲು: ನಿನ್ನೆ ಬೆಳಿಗ್ಗೆ ಎದ್ದಾಗಿನಿಂದ ಏನೇನು ಮಾಡಿದಿರಿ, ಹೇಳಿ.

ಅದರಿಂದ ಎಷ್ಟು ವ್ಯತ್ಯಾಸವಾಯಿತೆಂದರೆ ನನಗೇ ನಂಬಲಾಗಲಿಲ್ಲ. ಎದ್ದೆ, ಜಡೆ ಹಾಕಿಸಿಕೊಂಡೆ ಎನ್ನುತ್ತಾರೆ. ಯಾರ ಕೈಯಲ್ಲಿ ಎಂದರೆ, ಮಗಳ ಕೈಯಲ್ಲಿ. ನಲವತ್ತು ವರ್ಷ ತಾವೇ ಹಾಕಿಕೊಂಡ ಜಡೆ. ಕೊಡದಲ್ಲಿ ನೀರು ತರುತ್ತಿದ್ದವಳು ಈಗ ಚೊಂಬಿನಲ್ಲಿ ಹತ್ತು ಸಲ ತರುತ್ತಾಳೆ. ಇದನ್ನೆಲ್ಲ ತಾವೇ ಹೇಳಿ, ತಾವೇ ಕೇಳಿಸಿಕೊಂಡು, ಆಮೇಲೆ ಅದೇ ಹಳೇ ಪ್ರಶ್ನೆ ಓದಿದರೆ ಉತ್ತರ ಬೇರೆ ಬರುತ್ತಿತ್ತು. ಎಲ್ಲರದ್ದೂ ಕೆಟ್ಟದ್ದಾಗಿರಲಿಲ್ಲ. ನಿಜವಾಗಿಯೂ ಯಾವ ತೊಂದರೆಯೂ ಇಲ್ಲದವರಿದ್ದರು. ಅವರ 'ಇಲ್ಲ'ವನ್ನು ಈಗ ನಂಬಬಹುದಿತ್ತು.

ಶ್ರೀಮಂಗಲದ ಒಬ್ಬ ಕೊಡವ ಹೆಂಗಸು, ನಿವೃತ್ತ ಟೀಚರು, ನನಗೆ ಕಾಫಿ ಕೊಟ್ಟು, ನಿನ್ನೆಯ ಕಥೆ ಬಿಟ್ಟು ಹೋದ ತಿಂಗಳ ಮದುವೆಯ ಕಥೆ ಹೇಳಿದರು. ಕೊಡವ ಸೀರೆಯ ನೆರಿಗೆ ಹಿಂದೆ, ಸೆರಗು ಎಡ ಕಂಕುಳ ಕೆಳಗಿಂದ ಎದೆಯ ಮೇಲೆ ಬಂದು ಬಲ ಭುಜದಲ್ಲಿ ನಿಲ್ಲುತ್ತದೆ. ಅವರಿಗೆ ಕರೆಂಟ್ ಕೊಟ್ಟಿದ್ದು ಬಲಗಡೆ. ಚರ್ಮ ವಾಸಿಯಾಗಿತ್ತು, ಆದರೆ ಬಿಗಿದು ಕಟ್ಟಿದ ಸೆರಗು ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ತಡೆಯುತ್ತಿರಲಿಲ್ಲ. ತಮ್ಮನ ಮಗನ ಮದುವೆಗೆ ಜೀವನದಲ್ಲಿ ಮೊದಲ ಸಲ ಬಯಲುಸೀಮೆಯವರ ಹಾಗೆ ಸೆರಗನ್ನು ಎಡ ಭುಜಕ್ಕೆ ಹಾಕಿಕೊಂಡು ಹೋದರಂತೆ.

"ಎಲ್ಲರೂ ನನ್ನನ್ನ ಮೈಸೂರು ಕಡೆಯ ನೆಂಟರು ಅಂದ್ಕೊಂಡ್ರು. ನನ್ನ ತಮ್ಮನ ಮನೆಯಲ್ಲೇ ನಂಗೆ, ಕೂತ್ಕೊಳ್ಳಿ, ಸಂಕೋಚ ಬೇಡ ಅಂತ ಉಪಚಾರ," ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ, ನಾನು ಕೇಳದಿದ್ದರೂ ಹೇಳಿದರು: "ನಂಗೆ ಐದೇ ದಿನ ಕೊಟ್ಟದ್ದು. ಪಕ್ಕದ ಮಂಚದವಳಿಗೆ ಇಪ್ಪತ್ತೈದು. ನಂಗೆ ಕಮ್ಮಿ ಕೊಟ್ಟು ಕಳಿಸಿದ್ರಾ ಅಂತ ಈಗಲೂ ಒಂದೊಂದು ಸಲ ಅನ್ಸುತ್ತೆ."

ಉತ್ತರ ಹೇಳುವ ಅಧಿಕಾರ ನನಗಿರಲಿಲ್ಲ. ಡಾಕ್ಟರ ಹತ್ತಿರ ಕೇಳಿ ಎಂದು ನಂಬರ್ ಬರೆದುಕೊಟ್ಟೆ. ಅತ್ತಿಗೆ ಇದಕ್ಕೆ ಉಲ್ಟಾ ಹೇಳುತ್ತಿದ್ದರು: ಇಪ್ಪತ್ತೈದು ಕೊಟ್ಟಿದ್ದಾರೆ ಎಂದರೆ ನನಗೆ ಕಾಯಿಲೆ ಜಾಸ್ತಿಯೇ ಇತ್ತು ಅಂತ. ದಿನದ ಲೆಕ್ಕವೇ ಒಬ್ಬೊಬ್ಬರನ್ನು ಒಂದೊಂದು ತರಹ ಕಾಡುತ್ತದೆ. ಅದಕ್ಕೂ ಫಾರಂನಲ್ಲಿ ಚೌಕವಿಲ್ಲ. ಸೇರಿಸಿದ ಹಾಳೆಯಲ್ಲಿ ಬರೆದೆ.

ತಿತಿಮತಿಯ ಆರರಲ್ಲಿ ನಾಲ್ವರು ಮತ್ತೆ ಉತ್ತರ ಕೊಟ್ಟರು. ಒಬ್ಬಳು ಊರಿಗೆ ಹೋಗಿಬಿಟ್ಟಿದ್ದಳು, ಒಬ್ಬಳು ಬಾಗಿಲಿಂದಲೇ ಬೇಡ ಎಂದಳು. ಬೇಡ ಎಂದಿದ್ದನ್ನು ಹಾಗೇ ಬರೆದುಕೊಂಡು ಬಂದೆ.

ನವೆಂಬರ್ ಕೊನೆಗೆ ಎಲ್ಲಾ ಫಾರಂ ಹಿಡಿದು ಮೈಸೂರಿಗೆ ಹೋದೆ. ಡಾಕ್ಟರು ಒಂದೊಂದೇ ನೋಡಿ ಬದಿಗಿಟ್ಟು, ಕೊನೆಗೆ ಹದಿನೇಳನ್ನು ಮೇಜಿನ ಮೇಲಿಟ್ಟರು. ಆ ಹೊತ್ತಿಗೆ ನನಗೆ ಏನು ಬರೆಯಬೇಕೆಂದು ಗೊತ್ತಿತ್ತು. ನೋವು: ತುಂಬಾ. ನಿದ್ದೆಗೆ ತೊಂದರೆ: ತುಂಬಾ. ಕೈ ಎತ್ತಲು: ಸ್ವಲ್ಪ, ಅಥವಾ ಸಾಕಷ್ಟು. ಅಣ್ಣನ ಮಾತಿದೆ, ಡಬರಿಯ ನೆನಪಿದೆ. ಅದನ್ನು ಹೇಳಿದೆ. ಅವರು ಪೂರ್ತಿ ಕೇಳಿಸಿಕೊಂಡರು.

"ಇದರಲ್ಲಿ ಅವರೇ ಬಾಯಿಬಿಟ್ಟು ಹೇಳಿದ್ದು ಯಾವುದಮ್ಮ?" ಎಂದರು.

ಕೊನೆಯ ಪ್ರಶ್ನೆಯ ಆರು ಎಂದೆ.

ಅಷ್ಟನ್ನು ಇಟ್ಟುಕೊಂಡು ಉಳಿದದ್ದಕ್ಕೆಲ್ಲ ಗೆರೆ ಎಳೆಯಿರಿ ಎಂದರು. ನೀವು ಈಗ ಬರೆಯುವುದೂ ಅವತ್ತು ಬರೆದ ಹಾಗೇ, ನಿಮ್ಮ ಉತ್ತರ. ಅವತ್ತು ಇಲ್ಲ ಎಂದಿರಿ, ಇವತ್ತು ತುಂಬಾ ಎನ್ನುತ್ತೀರಿ, ಎರಡು ಸಲವೂ ಅವರನ್ನು ಕೇಳಿಲ್ಲ ಎಂದರು. ಗಟ್ಟಿ ದನಿಯಲ್ಲಿ ಹೇಳಲಿಲ್ಲ.

ಬೆನ್ನು ನೋವು ಮುಂಚೆಯೇ ಗೊತ್ತಾಗಿದ್ದರೆ ಉಳಿಯುತ್ತಿದ್ದರಾ ಎಂದು ಕೇಳಿದೆ. ಹತ್ತು ತಿಂಗಳು ಬಾಯಲ್ಲಿದ್ದ ಪ್ರಶ್ನೆ. ಅವರು ಸುಮ್ಮನೆ ಸಮಾಧಾನದ ಮಾತು ಹೇಳಲಿಲ್ಲ. ಜೀವ ಉಳಿಯುತ್ತಿತ್ತು ಎಂದು ಹೇಳಲಾರೆ. ಆದರೆ ಆ ಒಂದು ದಿನದ ಕರೆಂಟ್ ಮೊದಲೇ ಕೊಡಬಹುದಿತ್ತು, ಅಷ್ಟು ದಿನದ ನೋವು ಕಮ್ಮಿಯಾಗುತ್ತಿತ್ತು ಎಂದರು. ಎಷ್ಟು ದಿನ ಎಂದೆ. ನೋವು ಯಾವತ್ತು ಶುರುವಾಯಿತು ಎಂದು ಗೊತ್ತಿದ್ದರೆ ಲೆಕ್ಕ ಹಾಕಬಹುದು ಎಂದರು.

ಸಿಸ್ಟರ್ ಸ್ಕೇಲ್ ಕೊಟ್ಟರು. ಒಂದೊಂದು ಗುರುತಿನ ಮೇಲೂ ಒಂದೊಂದು ಗೆರೆ ಎಳೆದು, ಪಕ್ಕದಲ್ಲಿ 'ಉತ್ತರ ಪಡೆದಿಲ್ಲ' ಎಂದು ಬರೆದು ಸಹಿ ಹಾಕಿದೆ. ಮುಗಿಸಲು ಮುಕ್ಕಾಲು ಗಂಟೆ ಹಿಡಿಯಿತು. ಅವತ್ತು ಒಲೆಯ ಮುಂದೆ ಅದನ್ನು ತುಂಬಲು ಐದು ನಿಮಿಷ ಸಾಕಾಗಿತ್ತು.

ಯಾರಿಗೆ ಎಷ್ಟು ದಿನ ಕರೆಂಟ್ ಎಂಬ ಪಟ್ಟಿಯನ್ನು ಇನ್ನೂ ತೆರೆದಿಲ್ಲ. ಬೇರೆ ಜಿಲ್ಲೆಯ ಫಾರಂಗಳು ಬರಬೇಕು. ತೆರೆದಾಗ ಹೇಳಿ ಎಂದು ಸಿಸ್ಟರ್‌ಗೆ ಹೇಳಿದ್ದೇನೆ. ನನಗೆ ತಿಳಿಯಬೇಕು.

ಹದಿನೇಳನೇ ಫಾರಂನಲ್ಲಿ ಈಗ ಒಂದು 'ಆರು' ಇದೆ. ಅತ್ತಿಗೆಗೆ ನೋವು ಯಾವತ್ತು ಶುರುವಾಯಿತು ಎಂಬುದು ಅದರಲ್ಲಿ ಇಲ್ಲ, ಬೇರೆಲ್ಲೂ ಇಲ್ಲ.